ಹಾವಿನ ಔಷಧಿ ಒಂದು ಬಾಟ್ಲಿ ಮನೆ ಫ್ರಿಜ್ಜಲ್ಲಿ ಇಟ್ಟುಕೊಂಡರೆ ಆಗಲ್ವಾ? ಗಂಡಸಿ ಹೋಬಳಿಯವರ ಪ್ರಶ್ನೆಗೆ ಉತ್ತರ ಇಲ್ಲಿದೆ

ಗಂಡಸಿ: ಮುಂಗಾರು ಹಿಡಿದು ತೋಟದಲ್ಲಿ ಹುಲ್ಲು ಮೊಣಕಾಲುದ್ದ ಬಂತೆಂದರೆ ಹೋಬಳಿಯಲ್ಲಿ ಹಾವಿನ ಮಾತೂ ಶುರುವಾಗುತ್ತದೆ. ತೆಂಗಿನ ಸಿಪ್ಪೆ ರಾಶಿ, ಒಣಗರಿ ಒಟ್ಟಿದ ಜಾಗ, ಕೊಬ್ಬರಿ ಅಟ್ಟದ ಕೆಳಗೆ ಓಡಾಡುವ ಇಲಿ. ಇಲಿ ಇದ್ದ ಕಡೆ ಹಾವು ಬರುವುದು ಹೊಸದೇನಲ್ಲ. ರಾತ್ರಿ ಕರೆಂಟ್ ಕೊಟ್ಟಾಗ ಮೋಟಾರ್ ಹಾಕಲು ಹೋಗುವವರ ಕಾಲಿಗೆ ಚಪ್ಪಲಿ ಬಿಟ್ಟರೆ ಬೇರೆ ರಕ್ಷಣೆ ಇರುವುದಿಲ್ಲ. ಆಗ ಅಂಗಡಿ ಕಟ್ಟೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: “ಆಸ್ಪತ್ರೆ ದೂರ. ಆ ಔಷಧಿ ಒಂದ್ ಬಾಟ್ಲಿ ತಂದು ಮನೆ ಫ್ರಿಜ್ಜಲ್ಲಿ ಇಟ್ಕೊಂಡ್ರೆ ಆಗಲ್ವಾ?”

ಪ್ರಶ್ನೆ ದಡ್ಡತನದ್ದಲ್ಲ. ಮನೆಯಲ್ಲಿ ಇನ್ಸುಲಿನ್ ಇಟ್ಟುಕೊಳ್ಳುವವರಿದ್ದಾರೆ, ಹಸುವಿಗೆ ಬೇಕಾದ ಇಂಜೆಕ್ಷನ್ ತಂದಿಡುವವರಿದ್ದಾರೆ. ಇದೊಂದು ಯಾಕೆ ಬೇಡ? ನೇರ ಉತ್ತರ: ಬೇಡವೇ ಬೇಡ. ಆ ಬಾಟಲಿಯ ಒಳಗೆ ಏನಿದೆ, ಅದು ಹೇಗೆ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಯಾಕೆ ಕಾಣುವುದಿಲ್ಲ ಅನ್ನುವುದು ಗೊತ್ತಾದರೆ ಕಾರಣ ತಾನಾಗಿ ತಿಳಿಯುತ್ತದೆ. ಮೆಡಿಕಲ್ ಸ್ಟೋರ್ ನಡೆಸುವವರಿಗೆ, ಪಶು ಔಷಧಿ ಮಾರುವವರಿಗೆ ಈ ವಿಷಯ ಇನ್ನೂ ಹತ್ತಿರದ್ದು.

ಬಾಟಲಿಯೊಳಗೆ ಇರುವುದು ಕುದುರೆಯ ಪ್ರತಿಕಾಯ

ಆಸ್ಪತ್ರೆಯಲ್ಲಿ ಎಎಸ್‌ವಿ ಅಂತ ಕರೆಯುವ ಹಾವಿನ ವಿಷದ ಔಷಧಿ ಗಿಡಮೂಲಿಕೆಯೂ ಅಲ್ಲ, ರಾಸಾಯನಿಕ ಮಾತ್ರೆಯಂಥದ್ದೂ ಅಲ್ಲ. ಅದು ಪ್ರತಿಕಾಯ, ಅಂದರೆ ಹೊರಗಿನಿಂದ ಬಂದ ಶತ್ರುವನ್ನು ಹಿಡಿದು ಕಟ್ಟಿಹಾಕಲು ದೇಹ ತಾನೇ ತಯಾರಿಸಿಕೊಳ್ಳುವ ಪ್ರೋಟೀನ್. ಬೀಗಕ್ಕೆ ಅದರದೇ ಕೀ ಇರುವ ಹಾಗೆ ಒಂದೊಂದು ಪ್ರತಿಕಾಯಕ್ಕೆ ಒಂದೊಂದು ಗುರಿ. ನಾಗರಹಾವಿನ ವಿಷಕ್ಕೆ ಕೂರುವುದು ಕೊಳಕುಮಂಡಲದ ವಿಷಕ್ಕೆ ಕೂರುವುದಿಲ್ಲ.

ತಯಾರಿಸುವ ವಿಧಾನ ಹೀಗಿದೆ. ಆರೋಗ್ಯವಾಗಿರುವ ಕುದುರೆಗೆ ಹಾವಿನ ವಿಷವನ್ನು ಬಹಳ ಸಣ್ಣ ಪ್ರಮಾಣದಲ್ಲಿ, ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಚುಚ್ಚುತ್ತಾರೆ. ಕುದುರೆ ಸಾಯುವುದಿಲ್ಲ, ಅದರ ರಕ್ತದಲ್ಲಿ ಆ ವಿಷದ ವಿರುದ್ಧ ಪ್ರತಿಕಾಯ ತುಂಬಿಕೊಳ್ಳುತ್ತದೆ. ಆಮೇಲೆ ರಕ್ತ ತೆಗೆದು, ಪ್ಲಾಸ್ಮಾ ಬೇರೆ ಮಾಡುತ್ತಾರೆ. ಕೆಂಪು ರಕ್ತಕಣಗಳನ್ನು ಮತ್ತೆ ಕುದುರೆಗೇ ಸೇರಿಸುವ ಪದ್ಧತಿಯೂ ಇದೆ. ಪ್ಲಾಸ್ಮಾದಿಂದ ಪ್ರತಿಕಾಯ ಬೇರ್ಪಡಿಸಿ, ಪೆಪ್ಸಿನ್ ಎಂಬ ಕಿಣ್ವದಿಂದ ಅದರ ಬಾಲದ ತುಂಡನ್ನು ಕತ್ತರಿಸಿ ಶುದ್ಧ ಮಾಡಿ ಬಾಟಲಿಗೆ ತುಂಬುತ್ತಾರೆ. ವಿಷ ಹಿಡಿಯುವ ಕೈಗಳಷ್ಟೇ ಉಳಿಯುತ್ತವೆ.

ಕುದುರೆಗೆ ಚುಚ್ಚುವ ವಿಷ ಎಲ್ಲಿಂದ ಬರುತ್ತೆ? ಬಹುಪಾಲು ಚೆನ್ನೈ ಹತ್ತಿರದ ವಡನೆಮ್ಮೇಲಿಯಿಂದ. ಅಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ 1978ರಿಂದ ಇದೆ. ಒಂದು ಕಾಲದಲ್ಲಿ ಹಾವಿನ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಸಮುದಾಯ, ಈಗ ಹಾವು ಹಿಡಿದು ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತದೆ. ಗಂಡಸಿಯಲ್ಲಿ ಹಾವು ಕಚ್ಚಿಸಿಕೊಂಡು ಬದುಕಿದವರ ಹಿಂದೆ ಒಬ್ಬ ಇರುಳ ಮತ್ತು ಒಂದು ಕುದುರೆ ಇದೆ ಅಂದರೆ ಉತ್ಪ್ರೇಕ್ಷೆ ಏನಲ್ಲ.

ಭಾರತದ ಎಎಸ್‌ವಿ ನಾಲ್ಕು ಹಾವುಗಳಿಗೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. 10 ಮಿಲಿ ಬಾಟಲಿಯ ಒಂದೊಂದು ಮಿಲಿ ಔಷಧಿ ನಾಗರಹಾವು ಮತ್ತು ಕೊಳಕುಮಂಡಲದ ವಿಷವನ್ನಾದರೆ 0.6 ಮಿಲಿಗ್ರಾಂ, ಕಟ್ಟುಹಾವು ಮತ್ತು ಗರಗಸ ಮಂಡಲದ್ದಾದರೆ 0.45 ಮಿಲಿಗ್ರಾಂ ಹಿಡಿದು ನಿಲ್ಲಿಸಬೇಕು ಎಂಬುದು ಅಳತೆ. ಸಕಲೇಶಪುರ ಕಡೆಯ ಕಾಫಿ ತೋಟಗಳಂಥ ಮಲೆನಾಡಿನ ಜಾಗದಲ್ಲಿ ಸಿಗುವ ಗೂನುಮೂಗಿನ ಮಂಡಲದ ಹಾವಿಗೆ ಇದು ಕೆಲಸ ಮಾಡುವುದಿಲ್ಲ. ಜಿಲ್ಲೆ ಒಂದೇ ಆದರೂ ಅರಸೀಕೆರೆಯ ಬಯಲಿನ ಲೆಕ್ಕ ಘಟ್ಟದಂಚಿಗೆ ನಡೆಯದು.

ಕೆಟ್ಟರೂ ಬಣ್ಣ ಬದಲಾಗದೆ ಇರಬಹುದು

ಪ್ರತಿಕಾಯ ಪ್ರೋಟೀನ್ ಅಂತ ಹೇಳಿದ್ದು ಸುಮ್ಮನೆ ಅಲ್ಲ. ಪ್ರೋಟೀನ್ ಅಂದರೆ ಉದ್ದನೆಯ ದಾರವನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿ ಸುತ್ತಿಟ್ಟ ಹಾಗೆ. ಆ ಮಡಿಕೆಯಿಂದಲೇ ಅದಕ್ಕೆ ಶಕ್ತಿ. ಮಡಿಕೆ ಬಿಚ್ಚಿತೋ, ದಾರ ಇದೆ, ಕೆಲಸ ಇಲ್ಲ. ಮೊಟ್ಟೆಯ ಬಿಳಿ ನೋಡಿ: ಬಿಸಿ ತಾಗಿದರೆ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಮತ್ತೆ ನೀರಾಗುವುದಿಲ್ಲ. ಪ್ರತಿಕಾಯಕ್ಕೂ ಅದೇ ಗತಿ. ಮೊಟ್ಟೆಯಲ್ಲಿ ಕಣ್ಣಿಗೆ ಕಾಣುತ್ತದೆ, ಬಾಟಲಿಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ.

ಬಿಸಿಯ ಅಪಾಯ ಎಲ್ಲರಿಗೂ ಗೊತ್ತು. ಜನ ಎಡವುವುದು ತಣ್ಣನೆಯ ವಿಷಯದಲ್ಲಿ. “ಫ್ರಿಜ್ಜಲ್ಲಿ ಇಡಿ ಅಂದ್ರು, ಇನ್ನೂ ಚೆನ್ನಾಗಿರಲಿ ಅಂತ ಮೇಲಿನ ಐಸ್ ಬಾಕ್ಸಲ್ಲೇ ಇಟ್ವಿ” ಅನ್ನುವುದು ಒಳ್ಳೆಯ ಉದ್ದೇಶದಿಂದಲೇ ಆಗುವ ತಪ್ಪು. ದ್ರವ ಹೆಪ್ಪುಗಟ್ಟುವಾಗ ಮೊದಲು ನೀರು ಐಸ್ ಆಗುತ್ತದೆ. ಉಳಿದ ಚೂರು ದ್ರವದೊಳಗೆ ಪ್ರತಿಕಾಯ, ಉಪ್ಪು ಎಲ್ಲಾ ಒತ್ತೊತ್ತಾಗಿ ಸಿಕ್ಕಿಹಾಕಿಕೊಳ್ಳುತ್ತವೆ. ಪ್ರತಿಕಾಯಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತವೆ. ಕರಗಿದ ಮೇಲೆ ನೋಡಿದರೆ ತಿಳಿನೀರಿನಂತೆಯೇ ಕಾಣಬಹುದು. ಆದರೆ ಶಕ್ತಿ ಎಷ್ಟು ಉಳಿದಿದೆ ಅನ್ನುವುದನ್ನು ಹೇಳುವವರಿಲ್ಲ. ಗಂಟುಕಟ್ಟಿದ ಪ್ರೋಟೀನ್ ಮೈಗೆ ಸೇರಿದರೆ ಅಲರ್ಜಿಯ ಪ್ರತಿಕ್ರಿಯೆ ಬರುವ ಸಂಭವವೂ ಹೆಚ್ಚು. ಹಾಗಾಗಿ ಒಮ್ಮೆ ಹೆಪ್ಪುಗಟ್ಟಿದ ದ್ರವರೂಪದ ಎಎಸ್‌ವಿ ಕಸಕ್ಕೇ ಹೋಗಬೇಕು. ಅದಕ್ಕೇ ಪೆಟ್ಟಿಗೆ ಮೇಲೆ ಹೆಪ್ಪುಗಟ್ಟಿಸಬೇಡಿ ಎಂಬ ಎಚ್ಚರಿಕೆ ಇರುತ್ತದೆ.

ಜೋರಾಗಿ ಕುಲುಕಿದರೂ ಕೆಡುತ್ತದೆ. ಮಜ್ಜಿಗೆ ಕಡೆದ ಹಾಗೆ ಅಲ್ಲಾಡಿಸಿದರೆ ನೊರೆ ಬರುತ್ತದೆ. ನೊರೆಯ ಗುಳ್ಳೆಯ ಅಂಚಿನಲ್ಲಿ, ಗಾಳಿ ನೀರು ಸೇರುವ ಜಾಗದಲ್ಲಿ, ಪ್ರೋಟೀನಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಪುಡಿ ರೂಪದ ಎಎಸ್‌ವಿಗೆ ನೀರು ಬೆರೆಸುವ ನರ್ಸ್ ಬಾಟಲಿಯನ್ನು ಅಂಗೈಯಲ್ಲಿ ನಿಧಾನಕ್ಕೆ ತಿರುಗಿಸುತ್ತಾ ನಿಂತಿರುವುದನ್ನು ನೋಡಿ ಮನೆಯವರಿಗೆ ಜೀವ ಹೋದಂತಾಗುತ್ತದೆ. “ಇಷ್ಟ್ ನಿಧಾನ ಯಾಕಮ್ಮಾ, ಬೇಗ ಅಲ್ಲಾಡಿಸಿ” ಅಂತ ಕೂಗಾಡುವವರೂ ಉಂಟು. ಆಕೆ ಸೋಮಾರಿತನ ಮಾಡುತ್ತಿಲ್ಲ, ಔಷಧಿ ಉಳಿಸುತ್ತಿದ್ದಾಳೆ.

ಪುಡಿ, ದ್ರವ: ಎರಡಕ್ಕೂ ನಿಯಮ ಬೇರೆ

ಎಎಸ್‌ವಿ ಎರಡು ರೂಪದಲ್ಲಿ ಬರುತ್ತದೆ. ದ್ರವರೂಪದ್ದು ತಯಾರಾಗಿಯೇ ಇರುತ್ತದೆ, ಆದರೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಬಾಳಿಕೆ ಸುಮಾರು 2 ವರ್ಷ. ಇನ್ನೊಂದು, ನೀರಿನಂಶ ಪೂರ್ತಿ ತೆಗೆದ ಪುಡಿ. ಇದಕ್ಕೆ ತಂಪಾದ ಜಾಗ ಸಾಕು. ಬಾಳಿಕೆ 5 ವರ್ಷದವರೆಗೆ. ಬಳಸುವ ಹೊತ್ತಿಗೆ ಜೊತೆಗೆ ಕೊಟ್ಟಿರುವ ಶುದ್ಧ ನೀರು ಬೆರೆಸಬೇಕು. ಕರೆಂಟ್ ಹೋಗಿ ಬಂದು ಮಾಡುವ ಹಳ್ಳಿಗಳಿಗೆ ಪುಡಿಯೇ ಅನುಕೂಲ ಅನ್ನುವುದು ಹೇಳದೆಯೂ ತಿಳಿಯುವ ಮಾತು. ನೀರು ಬೆರೆಸಿದ ಮೇಲೆ ಮಾತ್ರ ಅದಕ್ಕೆ ಪುಡಿಯ ಬಾಳಿಕೆ ಇಲ್ಲ. ಆಗಲೇ ಬಳಸಬೇಕು, ಉಳಿದದ್ದನ್ನು ನಾಳೆಗೆ ಅಂತ ಎತ್ತಿಡುವ ಹಾಗಿಲ್ಲ. ಬೆರೆಸಿದ ಮೇಲೆ ತಿಳಿಯಾಗದೆ ಮಬ್ಬಾಗಿದ್ದರೆ, ಚೂರು ತೇಲುತ್ತಿದ್ದರೆ ಅದನ್ನು ರೋಗಿಗೆ ಕೊಡುವಂತಿಲ್ಲ.

ಆಸ್ಪತ್ರೆಯಲ್ಲಿ ಲಸಿಕೆ ಇಡುವ ಪೆಟ್ಟಿಗೆಯಂಥ ಫ್ರಿಜ್ ನೋಡಿದ್ದೀರಲ್ಲ, ಮೇಲ್ಗಡೆ ಮುಚ್ಚಳ ತೆರೆಯುವಂಥದ್ದು, ಅದರ ಹೆಸರು ಐಎಲ್‌ಆರ್. ಒಳಗೋಡೆಯ ಸುತ್ತ ಐಸ್ ತುಂಬಿದ ಪದರ ಇರುತ್ತದೆ. ದಿನಕ್ಕೆ 8 ಗಂಟೆ ಕರೆಂಟ್ ಇದ್ದರೂ ತಂಪು ಹಿಡಿದಿಡುವಂತೆ ಅದನ್ನು ಮಾಡಿರುತ್ತಾರೆ. ತಂಪುಗಾಳಿ ಭಾರ, ಕೆಳಗೇ ಕೂರುತ್ತದೆ. ಮೇಲಿನ ಮುಚ್ಚಳ ತೆಗೆದರೆ ಅದು ಚೆಲ್ಲಿಹೋಗುವುದಿಲ್ಲ. ಮನೆ ಫ್ರಿಜ್ಜಿನ ಬಾಗಿಲು ತೆಗೆದಾಗ ಕಾಲಿಗೆ ತಣ್ಣಗೆ ಹೊಡೆಯುತ್ತಲ್ಲ, ಅದೇ ಚೆಲ್ಲಿಹೋದ ತಂಪು. ಮಕ್ಕಳು ದಿನಕ್ಕೆ ಇಪ್ಪತ್ತು ಸಲ ನೀರಿನ ಬಾಟ್ಲಿಗೆ ಬಾಗಿಲು ತೆಗೆಯುವ ಮನೆಯಲ್ಲಿ ಒಳಗಿನ ಉಷ್ಣತೆ ಎಷ್ಟಿದೆ ಅಂತ ಯಾರು ಬಲ್ಲರು.

ಅಂಗಡಿಯವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ಫ್ರಿಜ್ಜಿನಲ್ಲೇ ಇನ್ಸುಲಿನ್, ಧನುರ್ವಾಯು ಇಂಜೆಕ್ಷನ್, ಹುಚ್ಚುನಾಯಿ ಕಡಿತದ ಲಸಿಕೆ ಇಡುವುದಾದರೆ ನಡುವಿನ ಶೆಲ್ಫ್ ಒಂದೇ ನಂಬಿಕೆಯ ಜಾಗ. ಬಾಗಿಲಿನ ಅರೆ ಬಿಸಿಯಾಗುತ್ತದೆ. ಫ್ರೀಜರಿಗೆ ತಾಗಿದ ಮೇಲಿನ ಟ್ರೇ ಸೊನ್ನೆ ಡಿಗ್ರಿಗೆ ಇಳಿಯಬಹುದು. ಹಿಂದಿನ ಗೋಡೆಗೆ ಪೆಟ್ಟಿಗೆ ಒತ್ತಿಕೊಂಡರೆ ಅಲ್ಲೂ ಹೆಪ್ಪುಗಟ್ಟುತ್ತದೆ. ಕೆಳಗಿನ ತರಕಾರಿ ಡಬ್ಬಿಯೂ ಬೇಡ. ಬಾಗಿಲಿನ ಅರೆಯಲ್ಲಿ ನೀರು ತುಂಬಿದ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದರೆ ಕರೆಂಟ್ ಹೋದಾಗ ಒಳಗಿನ ತಂಪು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಇದಕ್ಕೆ ಖರ್ಚೇನೂ ಇಲ್ಲ. ಕರೆಂಟ್ ಹೋದಾಗ ಬಾಗಿಲು ತೆಗೆದು “ತಣ್ಣಗಿದೆಯಾ” ಅಂತ ಕೈ ಹಾಕಿ ನೋಡುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸ. ಒಳಗೊಂದು ಥರ್ಮಾಮೀಟರ್, ಬೆಳಿಗ್ಗೆ ಸಂಜೆ ಬರೆದಿಡಲು ಒಂದು ಪುಸ್ತಕ ಇರಲಿ. ಆಸ್ಪತ್ರೆಗಳಲ್ಲಿ ದಿನಕ್ಕೆ ಎರಡು ಸಲ ಬರೆಯುವ ನಿಯಮ ಇರುವುದು ಶೋಕಿಗಲ್ಲ. ಮೊಸರು, ಹೂವು, ತಂಪು ಪಾನೀಯ ಇಡುವ ಫ್ರಿಜ್ಜೇ ಔಷಧಿಯ ಫ್ರಿಜ್ಜೂ ಆಗಿರುವ ಅಂಗಡಿ ಇದ್ದರೆ ಅದನ್ನು ಇವತ್ತೇ ಬೇರೆ ಮಾಡುವುದು ಒಳ್ಳೆಯದು.

ಹಾಸನದಿಂದಲೋ ಬೆಂಗಳೂರಿನಿಂದಲೋ ಬಸ್ಸಿನಲ್ಲಿ ಇಂಥ ಔಷಧಿ ತರುವವರೂ ಇದ್ದಾರೆ. ಕ್ಯಾನ್ಸರಿಗೆ, ಸಂಧಿವಾತಕ್ಕೆ ಕೊಡುವ ಕೆಲವು ಇಂಜೆಕ್ಷನ್‌ಗಳ ಹೆಸರು ‘ಮ್ಯಾಬ್’ ಅಂತ ಮುಗಿಯುತ್ತದೆ. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಹಾಗೆಯೇ. ಅವೂ ಪ್ರತಿಕಾಯಗಳೇ. ಥರ್ಮೊಕೋಲ್ ಡಬ್ಬಿಯಲ್ಲಿ ಆಗಷ್ಟೇ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕಿಗೆ ತಾಗಿಸಿ ಬಾಟಲಿ ಇಟ್ಟರೆ ದಾರಿಯಲ್ಲೇ ಹೆಪ್ಪುಗಟ್ಟಬಹುದು. ಲಸಿಕೆ ಸಾಗಿಸುವವರು ಐಸ್‌ಪ್ಯಾಕನ್ನು ಹೊರಗಿಟ್ಟು, ಅದರ ಮೈ ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಕಾಯುತ್ತಾರೆ. ಮನೆಯವರೂ ಅಷ್ಟು ಹೊತ್ತು ಕಾಯಬೇಕು. ನಡುವೆ ಒಂದು ದಪ್ಪ ಕಾಗದವೋ ಬಟ್ಟೆಯೋ ಇರಲಿ.

ಹಾಗಾದರೆ ಲ್ಯಾಬ್‌ನಲ್ಲಿ ಯಾಕೆ ಫ್ರೀಜ್ ಮಾಡ್ತಾರೆ?

ಬೆಂಗಳೂರಿನ ಲ್ಯಾಬ್‌ಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಊರಲ್ಲೂ ಇದ್ದಾರೆ. ಅವರನ್ನು ಕೇಳಿದರೆ “ನಾವು ಪ್ರತಿಕಾಯಗಳನ್ನ ಮೈನಸ್ 20ರಲ್ಲಿ, ಮೈನಸ್ 80ರಲ್ಲಿ ಇಡ್ತೀವಿ” ಅಂದಾರು. ಅದೂ ನಿಜವೇ. ಆದರೆ ಅಲ್ಲಿ ಹೆಪ್ಪುಗಟ್ಟಿಸುವುದಕ್ಕೆ ಷರತ್ತುಗಳಿವೆ.

ಸಂಶೋಧನೆಯ ಪ್ರತಿಕಾಯ ಬಂದ ತಕ್ಷಣ ಅದನ್ನು ಹನಿ ಹನಿಯಾಗಿ ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ, ಒಂದೊಂದಕ್ಕೂ ಹೆಸರು, ತಾರೀಖು ಬರೆದು, ಒಂದೇ ಒಂದು ಸಲ ಹೆಪ್ಪುಗಟ್ಟಿಸುತ್ತಾರೆ. ಬೇಕಾದಾಗ ಒಂದು ಕೊಳವೆ ಹೊರಗೆ. ಅದು ಮತ್ತೆ ಫ್ರೀಜರಿಗೆ ಹೋಗುವುದಿಲ್ಲ, 4 ಡಿಗ್ರಿಯಲ್ಲಿಟ್ಟು ಮುಗಿಸುತ್ತಾರೆ. ಪ್ರತಿಕಾಯಕ್ಕೆ ಹೆಚ್ಚು ಹಾನಿ ಮಾಡುವುದು ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗುವುದು. ಕೆಲವಕ್ಕೆ ಅರ್ಧದಷ್ಟು ಗ್ಲಿಸರಿನ್ ಬೆರೆಸುತ್ತಾರೆ; ಆಗ ಮೈನಸ್ 20ರಲ್ಲೂ ಅದು ಐಸ್ ಆಗದೆ ಗಟ್ಟಿ ಎಣ್ಣೆಯಂತೆ ಇರುತ್ತದೆ. ತಾನಾಗಿಯೇ ಐಸ್ ಕರಗಿಸಿಕೊಳ್ಳುವ ಫ್ರಾಸ್ಟ್‌ಫ್ರೀ ಫ್ರೀಜರ್ ಅಲ್ಲಿ ನಿಷಿದ್ಧ, ಯಾಕೆಂದರೆ ಅದು ಮಧ್ಯೆ ಮಧ್ಯೆ ಬಿಸಿಯಾಗುತ್ತದೆ. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಬೆಳಕು ಬೀಳದಂತೆ, ಹೆಪ್ಪುಗಟ್ಟಿಸದೆ ಇಡುತ್ತಾರೆ. ಇಲಿಯ ಮೈಗೆ ಚುಚ್ಚಲಿರುವ ಪ್ರತಿಕಾಯಕ್ಕೆ ಇನ್ನೊಂದು ಎಚ್ಚರಿಕೆ: ಬೂಷ್ಟು, ಬ್ಯಾಕ್ಟೀರಿಯಾ ಹಿಡಿಯದಿರಲೆಂದು ಲ್ಯಾಬ್ ಪ್ರತಿಕಾಯಗಳಿಗೆ ಸೋಡಿಯಂ ಅಜೈಡ್ ಎಂಬ ಸಂರಕ್ಷಕ ಹಾಕಿರುತ್ತಾರೆ, ಅದು ಜೀವಕೋಶಕ್ಕೆ ವಿಷ. ಅದನ್ನು ನೋಡದೆ ಚುಚ್ಚಿದರೆ ಇಲಿ ಸತ್ತದ್ದು ಯಾವುದರಿಂದ ಅಂತಲೇ ಗೊತ್ತಾಗದು. ಹಾಗಾಗಿ ಜೀವಂತ ಪ್ರಾಣಿಗೆ ಬಳಸುವುದು ಅಜೈಡ್ ಇಲ್ಲದ್ದೇ ಆಗಿರಬೇಕು. ಸಂರಕ್ಷಕ ಇಲ್ಲದ ಮೇಲೆ ಶುಚಿತ್ವದ ಹೊರೆ ಎರಡು ಪಟ್ಟು.

ಇಲಿಯ ಮಾತು ಇಲ್ಲಿ ಯಾಕೆ ಬಂತೆಂದರೆ, ಹಾವಿನ ಔಷಧಿಯ ಶಕ್ತಿಯನ್ನು ಅಳೆಯುವುದು ಇವತ್ತಿಗೂ ಬಿಳಿ ಇಲಿಮರಿಗಳ ಮೇಲೆ. ಲೆಕ್ಕದ ವಿಷಕ್ಕೆ ಔಷಧಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಇಲಿಗಳಿಗೆ ಚುಚ್ಚಿ, 24 ಗಂಟೆಯ ನಂತರ ಎಷ್ಟು ಉಳಿದವು ಅಂತ ಎಣಿಸುತ್ತಾರೆ. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇದನ್ನು ಮಾಡುವಂತಿಲ್ಲ. ಸರಿಯಾಗಿ ಇಡದೆ ಕೆಟ್ಟುಹೋದ ಪ್ರತಿಕಾಯದಿಂದ ಪ್ರಯೋಗ ಮಾಡಿದರೆ ಫಲಿತಾಂಶವೂ ಸುಳ್ಳು, ಆ ಇಲಿಗಳ ಜೀವವೂ ದಂಡ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಲ್ಯಾಬ್ ಹಾವಿನ ವಿಷದ ಮೇಲೇ ಕೆಲಸ ಮಾಡುತ್ತದೆ. ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷದ ಸ್ವರೂಪ ಬದಲಾಗುತ್ತದೆ, ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಔಷಧಿ ಎಲ್ಲ ಕಡೆ ಒಂದೇ ಸಮ ಕೆಲಸ ಮಾಡುವುದಿಲ್ಲ ಎಂಬುದನ್ನು ಅಲ್ಲಿನವರು ತೋರಿಸಿದ್ದಾರೆ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆ ಸೇರಿ ಕುದುರೆಯೇ ಬೇಡದ, ಲ್ಯಾಬ್‌ನಲ್ಲಿ ತಯಾರಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿದರು. ಹೆಸರು 95ಮ್ಯಾಟ್5. ನಾಗರಹಾವು, ಕಟ್ಟುಹಾವು, ಆಫ್ರಿಕಾದ ಬ್ಲ್ಯಾಕ್ ಮಾಂಬಾ ಹಾವುಗಳ ವಿಷದಲ್ಲಿರುವ ಒಂದು ಬಗೆಯ ನರವಿಷವನ್ನು ಅದು ಹಿಡಿಯುತ್ತದೆ. ಇಲಿಗಳಲ್ಲಿ ವಿಷ ಕೊಟ್ಟು 20 ನಿಮಿಷ ತಡವಾಗಿ ಕೊಟ್ಟಾಗಲೂ ಕೆಲಸ ಮಾಡಿತು. ಆದರೆ ಇದು ಇಲಿಗಳ ಹಂತದ ಸುದ್ದಿ. ಮಂಡಲದ ಹಾವುಗಳಿಗೆ ಇದು ಸಂಬಂಧಿಸಿದ್ದೂ ಅಲ್ಲ. ವಾಟ್ಸಾಪಿನಲ್ಲಿ “ಎಲ್ಲಾ ಹಾವಿಗೂ ಒಂದೇ ಔಷಧಿ ಬಂತು” ಅಂತ ಬಂದರೆ ನಂಬಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವುದು ಕುದುರೆಯ ಔಷಧಿಯೇ.

ಇಟ್ಟುಕೊಂಡರೂ ಮನೆಯಲ್ಲಿ ಕೊಡಲಾಗದು

ಸರಿ, ಪುಡಿ ರೂಪದ್ದನ್ನು ತಂದು ತಂಪಾಗಿಯೇ ಇಟ್ಟುಕೊಂಡರು ಅಂತಿಟ್ಟುಕೊಳ್ಳಿ. ಆಗಲೂ ಪ್ರಯೋಜನ ಇಲ್ಲ. ಒಂದು ಬಾಟ್ಲಿಯಲ್ಲಿ ಏನೂ ಆಗುವುದಿಲ್ಲ. ವಿಷ ಏರಿದೆ ಅಂತ ಖಾತ್ರಿಯಾದರೆ ಶುರುವಿನಲ್ಲೇ 8ರಿಂದ 10 ಬಾಟಲಿ ಬೇಕು. ಚಿಕ್ಕ ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ವಿಷ ಕಮ್ಮಿ ಬಿಡುವುದಿಲ್ಲ. ಅದನ್ನು ರಕ್ತನಾಳಕ್ಕೆ ಡ್ರಿಪ್ ಮೂಲಕ ಅರ್ಧದಿಂದ ಒಂದು ಗಂಟೆಯ ಅವಧಿಯಲ್ಲಿ ಇಳಿಸಬೇಕು. ಕುದುರೆಯ ಪ್ರೋಟೀನ್ ಆದ್ದರಿಂದ ಕೆಲವರಿಗೆ ಮೈಯೆಲ್ಲಾ ದದ್ದು, ಉಸಿರುಗಟ್ಟುವುದು, ಬಿ.ಪಿ. ಕುಸಿಯುವುದು ಆಗುತ್ತದೆ. ಆ ಕ್ಷಣಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಸಿದ್ಧ ಇರಬೇಕು. ಮೊದಲೇ ಚರ್ಮಕ್ಕೆ ಚುಚ್ಚಿ ಪರೀಕ್ಷೆ ಮಾಡಿ ನೋಡಿದರೆ ಈ ಅಲರ್ಜಿ ಗೊತ್ತಾಗುವುದಿಲ್ಲ. ಆ ಪರೀಕ್ಷೆಯನ್ನು ಈಗಿನ ಚಿಕಿತ್ಸಾ ಮಾರ್ಗಸೂಚಿ ಬೇಡ ಅನ್ನುತ್ತದೆ.

ಇನ್ನೊಂದು ಮಾತು. ಕಚ್ಚಿದ ಹಾವೆಲ್ಲ ವಿಷದ್ದಲ್ಲ, ವಿಷದ ಹಾವು ಕಚ್ಚಿದಾಗಲೆಲ್ಲ ವಿಷ ಬಿಡುವುದೂ ಇಲ್ಲ. ಮಂಡಲದ ಹಾವಿನ ವಿಷ ಏರಿದೆಯೇ ಅಂತ ತಿಳಿಯಲು ಡಾಕ್ಟರು ಸ್ವಲ್ಪ ರಕ್ತ ತೆಗೆದು, ಹೊಸ ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದರೆ ಒಂದು ಲೆಕ್ಕ, ನೀರಾಗಿಯೇ ಇದ್ದರೆ ಇನ್ನೊಂದು. “20 ನಿಮಿಷ ಸುಮ್ನೆ ಕೂರಿಸಿದ್ರು, ಔಷಧಿ ಕೊಡ್ಲಿಲ್ಲ” ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಈ ಪರೀಕ್ಷೆ ಇರುತ್ತದೆ. ಕಾರಣವನ್ನು ಮನೆಯವರಿಗೆ ಒಂದು ಮಾತಲ್ಲಿ ಹೇಳಿದರೆ ಜಗಳ ಅಲ್ಲೇ ತಪ್ಪುತ್ತದೆ.

ಆದರೆ ಆಸ್ಪತ್ರೆ ಮುಟ್ಟುವುದು ಮಾತ್ರ ತಡವಾಗಬಾರದು. ಪ್ರತಿಕಾಯ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ವಿಷ ಈಗಾಗಲೇ ಮಾಡಿದ ಹಾನಿಯನ್ನು ಹಿಂದಕ್ಕೆ ತರುವುದಿಲ್ಲ. ಕಟ್ಟುಹಾವಿನ ವಿಷಯದಲ್ಲಿ ಇದು ತುಂಬಾ ಮುಖ್ಯ. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೂ ಕಮ್ಮಿ, ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು. “ರಾತ್ರಿ ಊಟ ಸರಿ ಹೋಗಿಲ್ಲ” ಅಂತ ಸುಮ್ಮನಿದ್ದರೆ ವಿಷ ನರಗಳ ತುದಿಗೆ ಹಾನಿ ಮಾಡಿ ಮುಗಿಸಿರುತ್ತದೆ. ಆ ಮೇಲೆ ಔಷಧಿಗಿಂತ ಉಸಿರಾಟದ ಯಂತ್ರವೇ ಗತಿ.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಕಚ್ಚಿದ ಜಾಗ ಕೊಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಚೈನು ಬಿಚ್ಚಿ, ಕೈಕಾಲು ಅಲ್ಲಾಡದಂತೆ ಕಟ್ಟಿಗೆ ಆಸರೆ ಕೊಟ್ಟು, 108ಕ್ಕೆ ಫೋನ್ ಮಾಡಿ. ಸ್ವಂತ ಗಾಡಿಯಲ್ಲಿ ಹೊರಟರೆ ಆಸ್ಪತ್ರೆಗೆ ಮೊದಲೇ ತಿಳಿಸಿದರೆ ಬಾಟಲಿ ತೆಗೆದಿಟ್ಟುಕೊಂಡು ಕಾದಿರುತ್ತಾರೆ. ಹಾವನ್ನು ಹುಡುಕಿ ಹೊಡೆದು ತರುವುದರಲ್ಲಿ ಸಮಯ ಕಳೆಯಬೇಡಿ.

ನಾಯಿ ಕಡಿತಕ್ಕೂ, ದನಕ್ಕೂ

ಹುಚ್ಚುನಾಯಿ ಕಡಿತದಲ್ಲೂ ಇದೇ ಪ್ರತಿಕಾಯದ ಕತೆ. ಲಸಿಕೆ ಕೊಟ್ಟ ಮೇಲೆ ದೇಹ ತನ್ನದೇ ಪ್ರತಿಕಾಯ ಮಾಡಿಕೊಳ್ಳಲು ವಾರದ ಮೇಲೆ ಹಿಡಿಯುತ್ತದೆ. ರಕ್ತ ಬರುವಂತೆ ಕಚ್ಚಿದ್ದರೆ ಆ ನಡುವಿನ ದಿನಗಳಿಗಾಗಿ ಕುದುರೆಯಿಂದಲೋ ಮನುಷ್ಯರಿಂದಲೋ ಪಡೆದ ಸಿದ್ಧ ಪ್ರತಿಕಾಯವನ್ನು ಗಾಯದ ಒಳಗೇ ಚುಚ್ಚುತ್ತಾರೆ. ಅದನ್ನೂ 2ರಿಂದ 8 ಡಿಗ್ರಿಯಲ್ಲೇ, ಹೆಪ್ಪುಗಟ್ಟದಂತೆ ಇಡಬೇಕು. ಆಸ್ಪತ್ರೆಗೆ ಹೊರಡುವ ಮುಂಚೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅದಕ್ಕೆ ಫ್ರಿಜ್ಜೂ ಬೇಡ, ಡಾಕ್ಟರೂ ಬೇಡ.

ದನಕ್ಕೆ ಹಾವು ಕಚ್ಚಿದರೆ ಪಶುವೈದ್ಯರು ಬಳಸುವುದೂ ಎಎಸ್‌ವಿಯನ್ನೇ. ಪಶು ಚಿಕಿತ್ಸೆಗೆ 1962ಕ್ಕೆ ಫೋನ್ ಮಾಡಬಹುದು. ಈ ಸೀರಂ ವಿದ್ಯೆ ಕರ್ನಾಟಕಕ್ಕೆ ಹಳೆಯದು. ಬೆಂಗಳೂರಿನ ಹೆಬ್ಬಾಳದಲ್ಲಿ ಇವತ್ತು ಕಾಲುಬಾಯಿ ಜ್ವರ ಮುಂತಾದ ರೋಗಗಳ ಮೇಲೆ ಕೆಲಸ ಮಾಡುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ 1925ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಸೀರಂ ಇನ್‌ಸ್ಟಿಟ್ಯೂಟ್ ಆಗಿ ಶುರುವಾಯಿತು. ದೊಡ್ಡಿಗಟ್ಟಲೆ ದನ ಸಾಯಿಸುತ್ತಿದ್ದ ರಿಂಡರ್‌ಪೆಸ್ಟ್ ರೋಗಕ್ಕೆ ಆಗ ಸೀರಂ ತಯಾರಾಗುತ್ತಿತ್ತು. ಆ ರೋಗ ಜಗತ್ತಿನಿಂದಲೇ ತೊಲಗಿದೆ ಅಂತ 2011ರಲ್ಲಿ ಘೋಷಣೆಯಾಯಿತು. ಕಾಲುಬಾಯಿ ಲಸಿಕೆ ಹಾಕಲು ಮನೆ ಬಾಗಿಲಿಗೆ ಬರುವವರ ಹೆಗಲ ಡಬ್ಬಿಯೊಳಗೂ ಇದೇ 2ರಿಂದ 8 ಡಿಗ್ರಿ. “ನಾಳೆ ಬಾ, ಇವತ್ತು ಹಸು ಮೇಯಕ್ಕೆ ಹೋಗಿದೆ” ಅಂತ ಕಳಿಸಿದಾಗ ಡಬ್ಬಿಯ ಐಸ್ ಕರಗುತ್ತಿರುತ್ತದೆ ಅನ್ನುವುದು ನೆನಪಿರಲಿ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಅಂತ ಘೋಷಿಸಿತು. ಅಂದರೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರತಿ ಕಡಿತ, ಪ್ರತಿ ಸಾವು ವರದಿಯಾಗಬೇಕು. ನಾಟಿ ಔಷಧಿ ಕುಡಿಸಿ ಮನೆಯಲ್ಲೇ ಮುಗಿಸಿದ ಪ್ರಕರಣ ಯಾವ ಪುಸ್ತಕಕ್ಕೂ ಹತ್ತುವುದಿಲ್ಲ. ಪುಸ್ತಕದಲ್ಲಿ ಇಲ್ಲದ ಊರಿಗೆ ಬಾಟಲಿ ಕಳಿಸಿ ಅಂತ ಕೇಳುವುದು ಕಷ್ಟ. ಗ್ರಾಮಸಭೆಯಲ್ಲೋ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರನ್ನೋ ಕೇಳಬೇಕಾದದ್ದು ಇಷ್ಟು: ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಈಗ ಎಷ್ಟು ಬಾಟಲಿ ಎಎಸ್‌ವಿ ಇದೆ, ಪುಡಿಯೋ ದ್ರವವೋ, ಅವಧಿ ಯಾವಾಗ ಮುಗಿಯುತ್ತದೆ, ರಾತ್ರಿ ಹೊತ್ತು ಕೊಡಲು ಯಾರಿರುತ್ತಾರೆ, ಫ್ರಿಜ್ಜಿನ ಉಷ್ಣತೆ ಬರೆಯುವ ಪುಸ್ತಕದಲ್ಲಿ ನಿನ್ನೆಯ ಸಾಲು ತುಂಬಿದೆಯೇ.